ಹಳೇ ಕಾರಿನ ರೇಡಿಯೊ ಕರಕರ ಅನ್ನುತ್ತಿದೆಯೆ? ಸೆಟ್ ಬದಲಿಸುವ ಮುನ್ನ ಆಂಟೆನಾ ನೋಡಿ

ದೊಡ್ಡಬಳ್ಳಾಪುರದಲ್ಲಿರುವ ನಮ್ಮ ಸೋದರಮಾವನ ಹತ್ತಿರ ಒಂದು ಹಳೇ ಮಾರುತಿ 800 ಇದೆ. ಬೆಳಗ್ಗೆ ಬೆಂಗಳೂರಿಗೆ ಹೊರಟರೆ ರೇಡಿಯೊ ಕೇಳಿಕೊಂಡೇ ಹೋಗುವ ಅಭ್ಯಾಸ ಅವರದು. ಹೋದ ವರ್ಷ ಊರಲ್ಲಿ ರೇಡಿಯೊ ಹಾಕಿದರೆ ಬರೀ ಕರಕರ ಸದ್ದು. ಬೆಂಗಳೂರಿನ ಒಂದು ಅಂಗಡಿಯಲ್ಲಿ ತೋರಿಸಿದರು. "ಆಂಟೆನಾ ಸರಿಯಾಗೇ ಇದೆ, ಸೆಟ್ಟೇ ಹಳೇದಾಗಿದೆ ಸಾರ್, ಹೊಸದು ಹಾಕಿಸ್ಕೊಳ್ಳಿ" ಅಂದರು. ಮಾವ ಹಾಕಿಸಿದರು. ಅಂಗಡಿ ಮುಂದೆ ಹೊಸ ಸೆಟ್ ಚೆನ್ನಾಗಿ ಹಾಡಿತು. ಊರು ತಲುಪುವಷ್ಟರಲ್ಲಿ ಮತ್ತೆ ಅದೇ ಕರಕರ. ಕೊನೆಗೆ ಊರಿನ ಆಟೊ ಎಲೆಕ್ಟ್ರಿಷಿಯನ್ ಒಬ್ಬರು ಆಂಟೆನಾದ ಬುಡ ಬಿಚ್ಚಿ ನೋಡಿದರೆ ಒಳಗೆಲ್ಲ ತುಕ್ಕು. ತಪ್ಪು ಇದ್ದದ್ದು ಅಲ್ಲಿ. ಮಾವ ಸಾವಿರಗಟ್ಟಲೆ ಖರ್ಚು ಮಾಡಿದ್ದು ಇನ್ನೆಲ್ಲೋ.

ಹಾಗಾದರೆ ಬೆಂಗಳೂರಿನಲ್ಲಿ ರೇಡಿಯೊ ಹಾಡಿದ್ದು ಹೇಗೆ? ಉತ್ತರ ಗೊತ್ತಾದರೆ ನಿಮ್ಮ ದುಡ್ಡೂ ಉಳಿಯುತ್ತದೆ, ಆಂಟೆನಾ ಬಗ್ಗೆ ಬರುವ ಫಾರ್ವರ್ಡ್‌ಗಳಲ್ಲಿ ಯಾವುದು ನಿಜ ಎಂಬುದೂ ತಿಳಿಯುತ್ತದೆ.

ಆಂಟೆನಾ ಮಾಡುವ ಕೆಲಸವೇನು?

ರೇಡಿಯೊ ತರಂಗಗಳು ಲೋಹದ ಕಡ್ಡಿಗೆ ತಾಗಿದಾಗ ಅದರಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆ ವಿದ್ಯುತ್ತನ್ನು ಕೇಬಲ್ ಮೂಲಕ ಸೆಟ್‌ಗೆ ತಲುಪಿಸುವುದೇ ಆಂಟೆನಾದ ಕೆಲಸ. ಕಡ್ಡಿಯ ಉದ್ದ ತರಂಗದ ಉದ್ದದ ಕಾಲು ಭಾಗದಷ್ಟಿದ್ದರೆ ಕೆಲಸ ಚೆನ್ನಾಗಿ ಆಗುತ್ತದೆ. ಬೆಂಗಳೂರಿನ ಎಫ್‌ಎಂ ರೇನ್‌ಬೊ 101.3 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಅದರ ತರಂಗದ ಉದ್ದ ಸುಮಾರು 2.96 ಮೀಟರ್. ಕಾಲು ಭಾಗ ಎಂದರೆ 74 ಸೆಂಟಿಮೀಟರ್. ಹಳೇ ಕಾರುಗಳಲ್ಲಿ ಎಳೆದು ಉದ್ದ ಮಾಡುವ ಕಡ್ಡಿ ಹೆಚ್ಚುಕಡಿಮೆ ಇಷ್ಟೇ ಉದ್ದ ಇರುವುದು ಇದೇ ಕಾರಣಕ್ಕೆ.

ಆದರೆ ಆಂಟೆನಾ ಎಂದರೆ ಹೊರಗೆ ಕಾಣುವ ಕಡ್ಡಿ ಮಾತ್ರ ಅಲ್ಲ. ಕಡ್ಡಿ, ಅದರ ಬುಡ, ಬುಡಕ್ಕೂ ಕಾರಿನ ಬಾಡಿಗೂ ಇರುವ ಅರ್ತ್, ಒಳಗಿನ ಕೇಬಲ್, ಸೆಟ್ ಹಿಂದಿನ ಪ್ಲಗ್, ಇವೆಲ್ಲ ಒಂದು ಸರಪಳಿ. ಒಂದು ಕೊಂಡಿ ಕಳಚಿದರೂ ರೇಡಿಯೊ ಕರಕರ ಅನ್ನುತ್ತದೆ.

ಬೆಂಗಳೂರಲ್ಲಿ ಬರುತ್ತೆ, ಊರಲ್ಲಿ ಬರಲ್ಲ, ಏಕೆ?

ಎಫ್‌ಎಂ ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಭೂಮಿ ಗುಂಡಗಿರುವುದರಿಂದ ಒಂದು ದೂರ ದಾಟಿದ ಮೇಲೆ ಗೋಪುರ ದಿಗಂತದ ಕೆಳಗೆ ಹೋಗುತ್ತದೆ. 100 ಮೀಟರ್ ಎತ್ತರದ ಗೋಪುರ ಎಂದುಕೊಳ್ಳಿ. ಬಯಲು ನೆಲದಲ್ಲಿ ಕಾರಿನ ಆಂಟೆನಾಗೆ ಅದರ ನೇರ ಸಿಗ್ನಲ್ ಸಿಗುವುದು ಸುಮಾರು 46 ಕಿಲೋಮೀಟರ್ ತನಕ. ದೊಡ್ಡಬಳ್ಳಾಪುರ ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್. ನಡುವೆ ಗುಡ್ಡ, ತಗ್ಗು, ಕಟ್ಟಡ ಅಡ್ಡ ಬಂದರೆ ಸಿಗ್ನಲ್ ಇನ್ನೂ ಸೊರಗುತ್ತದೆ. ನಂದಿ ಬೆಟ್ಟದ ಮೇಲೆ ಚೆನ್ನಾಗಿ ಕೇಳುವ ಸ್ಟೇಷನ್ ಬೆಟ್ಟದ ಹಿಂಬದಿಯ ತಗ್ಗಿನಲ್ಲಿ ಮಾಯವಾಗುವುದೂ ಇದಕ್ಕೇ.

ಗೋಪುರದ ಹತ್ತಿರ ಸಿಗ್ನಲ್ ಎಷ್ಟು ಜೋರಾಗಿರುತ್ತದೆ ಎಂದರೆ ಮುರಿದ ಆಂಟೆನಾ, ಕಿತ್ತುಹೋದ ಕೇಬಲ್ ಇದ್ದರೂ ರೇಡಿಯೊ ಹಾಡಬಹುದು. ದೂರ ಹೋದಂತೆ ಆ ಮುಚ್ಚಿದ ತಪ್ಪು ಹೊರಬೀಳುತ್ತದೆ. ಹಾಗಾಗಿ ಮಾವನ ಕಾರನ್ನು ಬೆಂಗಳೂರಿನ ಅಂಗಡಿ ಮುಂದೆ ಪರೀಕ್ಷಿಸಿದ್ದು ಪರೀಕ್ಷೆಯೇ ಅಲ್ಲ. ಆಂಟೆನಾ ಸರಿಯಿದೆಯೇ ಎಂದು ನೋಡಬೇಕಾದರೆ ಸಿಗ್ನಲ್ ತೆಳುವಾಗಿರುವ ಕಡೆಯೇ ನೋಡಬೇಕು. ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆಯವರಿಗೂ ಇದೇ ಮಾತು.

ತಪ್ಪು ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ?

1. ಮೊಬೈಲ್ ಚಾರ್ಜರ್, ಡ್ಯಾಶ್ ಕ್ಯಾಮೆರಾ ಪ್ಲಗ್ ಕಿತ್ತು ನೋಡಿ. ಅಗ್ಗದ ಯುಎಸ್‌ಬಿ ಚಾರ್ಜರ್, ಕೆಲವು ಎಲ್‌ಇಡಿ ಬಲ್ಬುಗಳು ಎಫ್‌ಎಂಗೆ ಅಡ್ಡಿ ಮಾಡುತ್ತವೆ. ಕಿತ್ತ ತಕ್ಷಣ ಸದ್ದು ನಿಂತರೆ ಆಂಟೆನಾ ನಿರಪರಾಧಿ.

2. ಕರಕರ ಸದ್ದು ಎಂಜಿನ್ ವೇಗದ ಜೊತೆ ಏರಿಳಿಯುತ್ತದೆಯೇ ಗಮನಿಸಿ. ಹಾಗಿದ್ದರೆ ತೊಂದರೆ ಸ್ಪಾರ್ಕ್ ಪ್ಲಗ್, ಅದರ ವೈರು, ಆಲ್ಟರ್ನೇಟರ್ ಅಥವಾ ಅರ್ತ್ ಕಡೆಯದು. ಅರ್ತ್ ಸಡಿಲವಾಗಿರುವುದು ಆಂಟೆನಾದ ಬುಡದಲ್ಲೂ ಇರಬಹುದು.

3. ಸೆಟ್‌ನಲ್ಲಿ ಮೀಡಿಯಂ ವೇವ್ ಇದ್ದರೆ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಹಾಕಿ. ಅದರ ತರಂಗದ ಉದ್ದ ಸುಮಾರು 490 ಮೀಟರ್. ಅಷ್ಟು ದೊಡ್ಡ ತರಂಗದ ಮುಂದೆ ಕಾರಿನ ಕಡ್ಡಿ ತೀರಾ ಗಿಡ್ಡ, ಆದ್ದರಿಂದ ಕೇಬಲ್ ಕಳಚಿದರೆ ಮೀಡಿಯಂ ವೇವ್ ಮೊದಲು ಸಾಯುತ್ತದೆ. ಅಲ್ಲಿ ಏನೂ ಇಲ್ಲ, ಎಫ್‌ಎಂ ಮಾತ್ರ ಕ್ಷೀಣವಾಗಿ ಬರುತ್ತಿದೆ ಎಂದರೆ ಅನುಮಾನ ಆಂಟೆನಾ ಮೇಲೆ.

4. ಮಲ್ಟಿಮೀಟರ್ ಇದ್ದರೆ ಪ್ಲಗ್ ಕಿತ್ತು ಅಳೆಯಿರಿ. ಸಾದಾ ಕಡ್ಡಿ ಆಂಟೆನಾದಲ್ಲಿ ಕಡ್ಡಿಗೂ ಪ್ಲಗ್‌ನ ನಡುವಿನ ಪಿನ್ನಿಗೂ ಸಂಪರ್ಕ ಇರಬೇಕು. ಹೊರಗಿನ ಲೋಹಕ್ಕೂ ಕಾರಿನ ಬಾಡಿಗೂ ಸಂಪರ್ಕ ಇರಬೇಕು. ಪಿನ್ನಿಗೂ ಹೊರಗಿನ ಲೋಹಕ್ಕೂ ಮಾತ್ರ ಇರಬಾರದು. ಬುಡದಲ್ಲಿ ಆಂಪ್ಲಿಫೈಯರ್ ಇರುವ ಆಂಟೆನಾಗಳಿಗೆ ಈ ಲೆಕ್ಕ ಹೊಂದುವುದಿಲ್ಲ.

5. ಸೆಟ್ ಬದಲಿಸಿದ ಮೇಲೆ ತೊಂದರೆ ಶುರುವಾಯಿತೇ? ಗಿಡ್ಡ ಆಂಟೆನಾ ಇರುವ ಅನೇಕ ಕಾರುಗಳಲ್ಲಿ ಬುಡದ ಆಂಪ್ಲಿಫೈಯರ್‌ಗೆ 12 ವೋಲ್ಟ್ ಬೇಕು. ಹೊಸ ಸೆಟ್‌ಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ನೀಲಿ ವೈರು ಇರುತ್ತದೆ. ಅದನ್ನು ಸೇರಿಸದೆ ಬಿಟ್ಟಿದ್ದಾರೆಯೇ ಕೇಳಿ.

ರಿಪೇರಿಯೋ, ಬದಲಾವಣೆಯೋ?

ಛಾವಣಿಯ ಮೇಲಿನ ಕಡ್ಡಿ ಮಾತ್ರ ಮುರಿದಿದ್ದರೆ ಸುಲಭ. ಬಹಳಷ್ಟು ಕಾರುಗಳಲ್ಲಿ ಅದು ತಿರುಗಿಸಿ ಬಿಚ್ಚುವಂಥದ್ದು. ಮುರಿದ ತುಂಡನ್ನು ಬಿಚ್ಚಿ ಅಂಗಡಿಗೆ ತೆಗೆದುಕೊಂಡು ಹೋಗಿ, ಏಕೆಂದರೆ ತಿರುಪಿನ ಅಳತೆ ಎಲ್ಲ ಕಾರಿಗೂ ಒಂದೇ ಅಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೇ ಮಾಡೆಲ್‌ಗಳ ಬಿಡಿಭಾಗ ಹುಡುಕಬಹುದು. ತಿರುಪು ಬುಡದೊಳಗೇ ಮುರಿದು ಉಳಿದಿದ್ದರೆ ಸುತ್ತಿಗೆ ಹಿಡಿಯಬೇಡಿ, ಛಾವಣಿ ತಗ್ಗಾಗುತ್ತದೆ. ಅದು ಮೆಕ್ಯಾನಿಕ್ ಕೆಲಸ.

ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ಹಾಕಿದ, ಎಳೆದು ಉದ್ದ ಮಾಡುವ ಆಂಟೆನಾ ಬಗ್ಗಿದ್ದರೆ ಕೇಬಲ್ ಸಮೇತ ಹೊಸದು ಹಾಕಿಸುವುದೇ ಲೇಸು. ಸೆಟ್ ಹೊರಗೆ ತೆಗೆಯುವ ಮುನ್ನ ಬ್ಯಾಟರಿಯ ನೆಗೆಟಿವ್ ಬಿಚ್ಚಿರಲಿ. ಹೊಸ ಬುಡ ಕೂರಿಸುವಾಗ ಎರಡು ವಿಷಯ ಕೇಳಿ ಮಾಡಿಸಿ. ಒಂದು, ಬುಡ ತಾಗುವ ಜಾಗದಲ್ಲಿ ತುಕ್ಕು, ಬಣ್ಣ ಉಜ್ಜಿ ತೆಗೆದು ಲೋಹಕ್ಕೆ ಲೋಹ ತಾಗಬೇಕು, ಇಲ್ಲದಿದ್ದರೆ ಅರ್ತ್ ಸಿಗುವುದಿಲ್ಲ. ಎರಡು, ರಬ್ಬರ್ ವಾಷರ್ ಹೊಸದಿರಬೇಕು. ಒಣಗಿ ಬಿರಿದ ವಾಷರ್ ಇದ್ದರೆ ಮಳೆನೀರು ತೂತಿನಿಂದ ಇಳಿದು ಮತ್ತೆ ತುಕ್ಕು ಹಿಡಿಸುತ್ತದೆ, ವೈರಿಂಗನ್ನೂ ಕೆಡಿಸುತ್ತದೆ.

ಫಾರ್ವರ್ಡ್‌ಗಳ ಮಾತು ಎಷ್ಟು ನಿಜ?

"ಮುರಿದ ಆಂಟೆನಾಗೆ ಬಟ್ಟೆ ಹ್ಯಾಂಗರ್ ತಂತಿ ಸಿಕ್ಕಿಸಿದರೆ ಸಾಕು." ಅರ್ಧ ನಿಜ. ಮುಕ್ಕಾಲು ಮೀಟರ್ ತಂತಿ ಬಿಗಿಯಾಗಿ ತಾಗಿದರೆ ಎಫ್‌ಎಂ ಬರುತ್ತದೆ. ಆದರೆ ಸಡಿಲ ತಂತಿ ಓಡುವಾಗ ಹಾರಿ ಹಿಂದೆ ಬರುವ ಬೈಕ್ ಸವಾರರಿಗೆ ತಾಗಬಹುದು, ಚೂಪು ತುದಿ ಕಾರು ತೊಳೆಯುವವರ ಕಣ್ಣಿಗೆ ಚುಚ್ಚಬಹುದು. ತುರ್ತಿಗೆ ಒಂದು ದಿನ ಸರಿ, ರಿಪೇರಿ ಅಲ್ಲ.

"ಶಾರ್ಕ್ ಫಿನ್ ಹಾಕಿದರೆ ಸಿಗ್ನಲ್ ಜಾಸ್ತಿ." ತಪ್ಪು. ಆ ಗಿಡ್ಡ ಆಕಾರಕ್ಕೆ ಒಳಗಿನ ಸುರುಳಿ, ಆಂಪ್ಲಿಫೈಯರ್ ಸೇರಿದರೆ ಮಾತ್ರ ಅರ್ಥ. ಅಂಟಿಸುವ ಅಗ್ಗದ ಶಾರ್ಕ್ ಫಿನ್‌ಗಳಲ್ಲಿ ಕೆಲವು ಬರೀ ಪ್ಲಾಸ್ಟಿಕ್ ಅಲಂಕಾರ. ಕೊಳ್ಳುವ ಮುನ್ನ ಒಳಗೆ ವೈರು ಇದೆಯೇ ನೋಡಿ.

"5ಜಿ ಟವರ್ ಬಂದ ಮೇಲೆ ಎಫ್‌ಎಂ ಕೆಟ್ಟಿತು." ಎಫ್‌ಎಂ ಇರುವುದು 88ರಿಂದ 108 ಮೆಗಾಹರ್ಟ್ಸ್ ನಡುವೆ. ಭಾರತದಲ್ಲಿ 2022ರ ಅಕ್ಟೋಬರ್ 1ರಂದು ಶುರುವಾದ 5ಜಿಗೆ ಮುಖ್ಯವಾಗಿ ಬಳಸುವುದು 700 ಮತ್ತು 3300 ಮೆಗಾಹರ್ಟ್ಸ್ ಆಸುಪಾಸಿನ ತರಂಗಗಳನ್ನು. ಎರಡರ ದಾರಿಯೇ ಬೇರೆ. ನಿಮ್ಮ ಕಾರಿನೊಳಗಿನ ಚಾರ್ಜರ್ ಮೇಲೆ ಅನುಮಾನ ಪಡುವುದು ಹೆಚ್ಚು ಸರಿ.

"ಗುಡುಗು ಸಿಡಿಲಿಗೆ ಆಂಟೆನಾ ಆಕರ್ಷಣೆ, ಕಿತ್ತು ಹಾಕಿ." ಮುಕ್ಕಾಲು ಮೀಟರ್ ಕಡ್ಡಿ ಸಿಡಿಲನ್ನು ಕರೆತರುವುದಿಲ್ಲ. ಲೋಹದ ಛಾವಣಿಯ ಕಾರಿಗೆ ಸಿಡಿಲು ಬಡಿದರೂ ವಿದ್ಯುತ್ ಹೆಚ್ಚಾಗಿ ಹೊರಮೈ ಮೂಲಕ ನೆಲಕ್ಕಿಳಿಯುತ್ತದೆ. ಮಳೆಯಲ್ಲಿ ಆಂಟೆನಾ ಕೀಳಲು ಹೊರಗಿಳಿಯುವುದೇ ಅಪಾಯ. ಗಾಜು ಏರಿಸಿ, ಲೋಹ ಮುಟ್ಟದೆ ಒಳಗೇ ಕೂತಿರಿ.

"ಎಫ್‌ಎಂ ನಿಲ್ಲಿಸುತ್ತಿದ್ದಾರೆ, ಆಂಟೆನಾ ರಿಪೇರಿ ದಂಡ." ರಾಷ್ಟ್ರಮಟ್ಟದ ಎಫ್‌ಎಂ ಪ್ರಸಾರವನ್ನು 2017ರಲ್ಲಿ ನಿಲ್ಲಿಸಿದ್ದು ನಾರ್ವೆ. ನಮ್ಮಲ್ಲಿ ಎಫ್‌ಎಂ ಇದೆ, ಮೇಲೆ ಹೇಳಿದ 101.3 ಅದರಲ್ಲೊಂದು.

ಕೊನೆಗೆ

ಹಳೇ ಕಾರಿನ ರೇಡಿಯೊ ಇಂಟರ್ನೆಟ್ ಕೇಳುವುದಿಲ್ಲ, ಡೇಟಾ ಪ್ಯಾಕ್ ಕೇಳುವುದಿಲ್ಲ. ನೆಟ್‌ವರ್ಕ್ ಬಿದ್ದ ದಿನವೂ ವಾರ್ತೆ ಕೊಡುತ್ತದೆ. ಅದನ್ನು ಉಳಿಸಿಕೊಳ್ಳಲು ಹಲವು ಸಲ ಬೇಕಾಗುವುದು ಒಂದು ಕಡ್ಡಿ, ಒಂದು ವಾಷರ್, ಸ್ವಲ್ಪ ಉಜ್ಜುವ ಕೆಲಸ ಅಷ್ಟೆ. ಯಾರಾದರೂ "ಸೆಟ್ ಹೋಗಿದೆ" ಎಂದರೆ ಒಂದು ಪ್ರಶ್ನೆ ಕೇಳಿ: "ಬೇರೆ ಆಂಟೆನಾ ಸಿಕ್ಕಿಸಿ ನೋಡಿದ್ರಾ?" ಒಳ್ಳೆಯ ಮೆಕ್ಯಾನಿಕ್ ಒಂದು ಬಿಡಿ ಆಂಟೆನಾವನ್ನು ಸೆಟ್‌ಗೆ ಸಿಕ್ಕಿಸಿ ಎರಡು ನಿಮಿಷದಲ್ಲಿ ಉತ್ತರ ಹೇಳುತ್ತಾರೆ. ಮಾವ ಆ ಪ್ರಶ್ನೆ ಕೇಳಿರಲಿಲ್ಲ. ನಿಮ್ಮ ಗುಂಪಿನಲ್ಲಿ ಹಳೇ ಕಾರು ಓಡಿಸುವವರಿದ್ದರೆ ಅವರಿಗೆ ಈ ಒಂದು ಪ್ರಶ್ನೆಯನ್ನಾದರೂ ಫಾರ್ವರ್ಡ್ ಮಾಡಿ.