ಚದುರಿದ ಬೆಳಕಿನ ಪಾಠವನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದೇವೆ

ಹತ್ತನೇ ತರಗತಿಗೆ ಟಿಂಡಾಲ್ ಪರಿಣಾಮ ಹೇಳಿಕೊಡುವಾಗ ನಾವು ಪ್ರಶಿಕ್ಷಣಾರ್ಥಿಗಳು ಒಂದೇ ಕಡೆ ನಿಲ್ಲುತ್ತೇವೆ: ಕಣಗಳಿಗೆ ತಾಗಿದ ಬೆಳಕು ಚದುರುತ್ತದೆ, ಉದಾಹರಣೆ ಬರೆದುಕೊಳ್ಳಿ. ಮೊದಲ ಸುತ್ತಿನ ಬೋಧನಾಭ್ಯಾಸದಲ್ಲಿ ನಾನೂ ಅಲ್ಲೇ ನಿಂತೆ. ಒಬ್ಬ ಹುಡುಗಿ ನನ್ನ ಮೊಬೈಲ್ ಟಾರ್ಚಿನ ಮೇಲೆ ಬೆರಳಿಟ್ಟು, "ಮಿಸ್, ಬೆರಳೆಲ್ಲಾ ಕೆಂಪಾಯ್ತು, ಮೂಳೆ ಮಾತ್ರ ಯಾಕೆ ಕಾಣಲ್ಲ?" ಎಂದಳು. "ರಕ್ತ ಕೆಂಪಲ್ವಾ" ಎಂದು ದಾಟಿಸಿಬಿಟ್ಟೆ. ಅವಳು ಕೇಳಿದ್ದು ಅದನ್ನಲ್ಲ.

ಕೆಂಪು ಕಾಣುವುದು ರಕ್ತ ನೀಲಿ, ಹಸಿರನ್ನು ಹೆಚ್ಚು ಹೀರುವುದರಿಂದ. ಮೂಳೆಯ ನೆರಳು ಅಳಿಸಿಹೋಗುವುದು ಚದುರುವಿಕೆಯಿಂದ. ಒಂದು ಮಿಲಿಮೀಟರ್ ಸಾಗುವಷ್ಟರಲ್ಲೇ ಬೆಳಕು ಹಲವು ಸಲ ದಿಕ್ಕು ಬದಲಿಸಿರುತ್ತದೆ. ಹೊರಬಂದ ಬೆಳಕನ್ನಷ್ಟೇ ಅಳೆದು, ಒಳಗೆ ಹೀರಿದ್ದೆಷ್ಟು, ಚದುರಿಸಿದ್ದೆಷ್ಟು ಎಂದು ಬೇರ್ಪಡಿಸಬಹುದೇ? ಪಾಠದ ಉಳಿದರ್ಧ ಇದು.

ಎರಡನೇ ಸುತ್ತಿನಲ್ಲಿ ಎರಡು ಲೋಟ ಇಟ್ಟೆ. ಒಂದರಲ್ಲಿ ನೀರಿಗೆ ಹಾಲು ಹೆಚ್ಚು. ಇನ್ನೊಂದರಲ್ಲಿ ಹಾಲು ಕಡಿಮೆ, ಜೊತೆಗೆ ಶಾಯಿ. ಆಚೆ ಬದಿಗೆ ಬರುವ ಬೆಳಕು ಎರಡರಲ್ಲೂ ಒಂದೇ ಆಗುವಂತೆ ಹನಿ ಹನಿ ಸೇರಿಸಿ ಹೊಂದಿಸಿದ್ದೆ. (ಅರ್ಧ ಲೀಟರ್ ಹಾಲು ಹಾಳಾಯಿತು.) ಲೋಟಗಳಿಗೆ ಕಾಗದ ಸುತ್ತಿ, ಆ ಒಂದು ಅಳತೆಯನ್ನಷ್ಟೇ ಕೊಟ್ಟಾಗ ಮಕ್ಕಳು ಸೋತರು. ಕಾಗದ ಬಿಚ್ಚಿ ಟಾರ್ಚಿನ ಕಡೆಯಿಂದ ನೋಡಿದರೆ ಹಾಲಿನ ಲೋಟ ಬೆಳ್ಳಗೆ, ಶಾಯಿಯದು ಮಂಕು. ಅಜ್ಞಾತಗಳು ಎರಡಾದರೆ ಅಳತೆಯೂ ಎರಡು ಬೇಕು.

ಗಣಕದ ಮಾಂಟೆ ಕಾರ್ಲೊ ವಿಧಾನವನ್ನು ದಾಳದಲ್ಲೇ ಆಡಿಸಬಹುದು. ನೆಲದ ಮೇಲೆ ಗೆರೆ ಎಳೆದು ಮನೆ ಮಾಡಿದೆವು. ಪ್ರತಿ ಮಗುವೂ ಒಂದು ಫೋಟಾನ್: ಒಂದು ಬಿದ್ದರೆ ಹೀರಿಕೆ, ಆಟ ಮುಗಿಯಿತು, ಸರಿಸಂಖ್ಯೆಗೆ ಒಂದು ಮನೆ ಮುಂದೆ, ಮೂರು, ಐದಕ್ಕೆ ಹಿಂದೆ. ಆಚೆ ದಾಟಿದವರೆಷ್ಟು, ಈಚೆ ಮರಳಿದವರೆಷ್ಟು ಎಣಿಸಿ, ಅಳತೆಗೆ ಹೊಂದದಿದ್ದರೆ ನಿಯಮ ಬದಲಿಸಿ ಮತ್ತೆ ಆಡುವುದು. ಗಣಕ ಮಾಡುವುದೂ ಇದನ್ನೇ, ಲಕ್ಷಗಟ್ಟಲೆ ಫೋಟಾನುಗಳಿಂದ: ಊಹೆ, ಲೆಕ್ಕ, ಹೋಲಿಕೆ, ಮತ್ತೆ ಊಹೆ.

ವೀಕ್ಷಕರು ಅಂಕ ಕಳೆದರು. ಪಾಠ ಯೋಜನೆಯ "ನಿರೀಕ್ಷಿತ ಉತ್ತರ" ಕಾಲಂ ಖಾಲಿಯಿತ್ತು, ಗದ್ದಲವೂ ಆಗಿತ್ತು. ಗದ್ದಲದ ಮಾತನ್ನು ಒಪ್ಪುತ್ತೇನೆ.

ಕಾಲಂ ವಿಷಯ ಒಪ್ಪುವುದಿಲ್ಲ. ಕೊರೋನಾ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ಇದೇ ಸಮಸ್ಯೆಯ ಕೂಸು. ನಾಡಿಮಿಡಿತದೊಂದಿಗೆ ಏರಿಳಿಯುವ ಬೆಳಕನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಉಪಾಯವನ್ನು ಜಪಾನಿನ ತಾಕುವೊ ಅಯೊಯಾಗಿ 1974ರಲ್ಲಿ ಮಂಡಿಸಿದರು. ಆದರೆ ಚದುರುವಿಕೆಯಿಂದಾಗಿ ಬರಿಯ ಸೂತ್ರ ಸಾಲದು. ಕೆಂಪು ಮತ್ತು ಅವಗೆಂಪು ಅಳತೆಗಳ ಅನುಪಾತವನ್ನು ಶೇಕಡಾವಾರು ಮಾಡಲು ಸ್ವಯಂಸೇವಕರ ರಕ್ತಪರೀಕ್ಷೆಯೊಂದಿಗೆ ಹೋಲಿಸಿದ ಪಟ್ಟಿಯೇ ಆಧಾರ. ಆ ಪಟ್ಟಿ ಎಲ್ಲ ಚರ್ಮಕ್ಕೂ ಸಮನಾಗಿ ಹೊಂದುವುದಿಲ್ಲ. ಉಪಕರಣ ಕಂಡುಹಿಡಿಯದೆ ಬಿಟ್ಟ ಆಮ್ಲಜನಕದ ಕೊರತೆ ಕಪ್ಪು ರೋಗಿಗಳಲ್ಲಿ ಬಿಳಿಯರಿಗಿಂತ ಸುಮಾರು 3 ಪಟ್ಟು ಹೆಚ್ಚು ಎಂದು ಅಮೆರಿಕದ ಆಸ್ಪತ್ರೆ ದಾಖಲೆಗಳ ಮೇಲಿನ 2020ರ ಅಧ್ಯಯನ ತೋರಿಸಿತು. ಪರದೆಯ ಮೇಲಿನ ಅಂಕಿ ಹೇಗೆ ಬಂತು ಎಂದು ಕೇಳುವ ಅಭ್ಯಾಸ ತರಗತಿಯಲ್ಲಲ್ಲದೆ ಇನ್ನೆಲ್ಲಿ ಶುರುವಾಗಬೇಕು?

ಮುಂದಿನ ಸುತ್ತಿಗೆ ಕಾಲಂ ತುಂಬಿಸಿಕೊಂಡೇ ಹೋಗುತ್ತೇನೆ. ನಿರೀಕ್ಷಿತ ಉತ್ತರ: "ಇದೊಂದೇ ಅಳತೆಯಿಂದ ಹೇಳಲಾಗದು, ಇನ್ನೊಂದು ಕೊಡಿ ಮಿಸ್." ಅದಕ್ಕೆ ಅಂಕ ಸಿಗುವಂತೆ ಮೌಲ್ಯಮಾಪನ ನಮೂನೆಯಲ್ಲಿ ಒಂದು ಸಾಲು ಸೇರಿಸಿ ಎಂಬುದು ನನ್ನ ಬೇಡಿಕೆ.