ಅಪ್ಪನ ನಂಬಿಕೆಗೆ ನೋಟಿಸ್ ಬೋರ್ಡ್ ಯಾಕೆ?

2022ರಲ್ಲಿ, ಜೀವನದಲ್ಲಿ ಮೊದಲ ಸಲ ಜನಪ್ರತಿನಿಧಿಯೊಬ್ಬರಿಗೆ ಪತ್ರ ಬರೆದೆ. ಅವರು ಆಗ ವಿಧಾನ ಪರಿಷತ್ತಿನಲ್ಲಿ ನಮ್ಮ ಭಾಗದ ಪದವೀಧರರನ್ನು ಪ್ರತಿನಿಧಿಸುತ್ತಿದ್ದ ಸದಸ್ಯರು. ವಿಷಯ, ಮತಾಂತರ ಮಸೂದೆ.

2021ರ ಡಿಸೆಂಬರ್ 23ರಂದು ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆ ಈ ಮಸೂದೆಯನ್ನು ಅಂಗೀಕರಿಸಿತು. ನಾನು ಪತ್ರ ಬರೆದಾಗ ಪರಿಷತ್ತಿನಲ್ಲಿ ಅದಿನ್ನೂ ಚರ್ಚೆಗೆ ಬಂದಿರಲಿಲ್ಲ. ಹಾಗಾಗಿ ಮಾತಾಡಲು ಇದೇ ಸಮಯ ಅನಿಸಿತು.

ನಮ್ಮ ಹಾಸ್ಟೆಲ್‌ನಲ್ಲಿ ಮಸೂದೆ ಬಗ್ಗೆ ಜಗಳವಾಡಿದವರೇ ಎಲ್ಲರೂ, ಓದಿದವರು ಯಾರೂ ಇರಲಿಲ್ಲ. ನಾನು ಕೂತು ಓದಿದೆ. ಬಲವಂತ, ವಂಚನೆ, ಆಮಿಷದಿಂದ ಮತಾಂತರ ಮಾಡಿಸಿದರೆ ಶಿಕ್ಷೆ ಎನ್ನುತ್ತದೆ. ಬಲವಂತ ತಪ್ಪು ಎಂಬುದರಲ್ಲಿ ನನಗೆ ತಕರಾರಿಲ್ಲ. ತಕರಾರಿರುವುದು 8ನೇ ಕಲಮಿನ ಬಗ್ಗೆ. ಸ್ವಂತ ಇಚ್ಛೆಯಿಂದ ಧರ್ಮ ಬದಲಿಸುವವರೂ 30 ದಿನ ಮುಂಚೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಅದನ್ನು ಜಿಲ್ಲಾಧಿಕಾರಿ ಮತ್ತು ತಹಶೀಲ್ದಾರ್ ಕಚೇರಿಯ ನೋಟಿಸ್ ಬೋರ್ಡಿಗೆ ಹಾಕಿ ಆಕ್ಷೇಪಣೆ ಕರೆಯುತ್ತಾರೆ. ಆಕ್ಷೇಪಣೆ ಬಂದರೆ ವಿಚಾರಣೆ. ಆದರೆ ಹಿಂದಿನ ಧರ್ಮಕ್ಕೆ ಮರಳುವವರಿಗೆ ಇದ್ಯಾವುದೂ ಇಲ್ಲ. ಅದು ಮತಾಂತರವೇ ಅಲ್ಲವಂತೆ.

ಗುಂಡ್ಲುಪೇಟೆ ತಾಲ್ಲೂಕಿನ ನಮ್ಮ ಮನೆಯ ಗೋಡೆಯಲ್ಲಿ ಬುದ್ಧ, ಅಂಬೇಡ್ಕರ್ ಫೋಟೊಗಳಿವೆ. ಪಕ್ಕದಲ್ಲೇ ಅವ್ವನ ಮಾದಪ್ಪನೂ ಇದ್ದಾನೆ. ಅಪ್ಪನಿಗೆ ಬೌದ್ಧ ದೀಕ್ಷೆ ತಗೋಬೇಕೆಂಬ ಆಸೆ ಬಹಳ ವರ್ಷದ್ದು. ಅಪ್ಪನಿಗೆ ಯಾರೂ ಆಮಿಷ ಒಡ್ಡಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ದೀಕ್ಷೆ ಪಡೆದ ಕಥೆಯನ್ನು ಅಪ್ಪನ ಬಾಯಲ್ಲಿ ಕೇಳಿಯೇ ನಾನು ಬೆಳೆದದ್ದು. ಅಪ್ಪ ದುಡಿಯುವುದು ಬೇರೆಯವರ ಅರಿಶಿನ, ಬಾಳೆ ತೋಟದಲ್ಲಿ. ಪಹಣಿ, ಜಾತಿ ಪ್ರಮಾಣಪತ್ರಕ್ಕೆ ಇಡೀ ತಾಲ್ಲೂಕೇ ಬರುವ ಕಚೇರಿಯಲ್ಲಿ ಅಪ್ಪನ ಹೆಸರು ಒಂದು ತಿಂಗಳು ನೇತಾಡಿದರೆ ಮರುದಿನ ಕೂಲಿಗೆ ಕರೆಯುತ್ತಾರಾ? ಈ ಪ್ರಶ್ನೆಯನ್ನೇ ಪತ್ರದಲ್ಲೂ ಕೇಳಿದ್ದೇನೆ.

ನಮ್ಮ ಜಿಲ್ಲೆಗೆ ದೀಕ್ಷೆ ಹೊಸದೇನಲ್ಲ. ಸಿದ್ಧಪ್ಪಾಜಿಯ ಒಕ್ಕಲಾಗಿ ಎಷ್ಟೋ ಮನೆಗಳವರು ನೀಲಗಾರರಾಗಿದ್ದಾರೆ. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಜಾತಿ ಕೇಳದೆ ಕೂತು ಉಣ್ಣುತ್ತಾರೆ. ಅವರ್ಯಾರ ಹೆಸರೂ ಬೋರ್ಡಿಗೆ ಹತ್ತಲಿಲ್ಲ.

ಇದು ನನ್ನೊಬ್ಬನ ವಾದವಲ್ಲ. ಹಿಮಾಚಲ ಪ್ರದೇಶದ ಕಾನೂನಿನಲ್ಲೂ ಹೀಗೆ ಮೊದಲೇ ತಿಳಿಸಬೇಕೆಂಬ ಕಲಂ ಇತ್ತು. 2012ರಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ರದ್ದು ಮಾಡಿತು. ಇನ್ನೊಂದು ಕಡೆಯ ವಾದವೂ ಇದೆ. ಇನ್ನೊಬ್ಬರನ್ನು ಮತಾಂತರಿಸುವುದು ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಒಪ್ಪೋಣ. ಆದರೆ ಅಪ್ಪ ಯಾರನ್ನೂ ಮತಾಂತರಿಸುತ್ತಿಲ್ಲ. ಸಂವಿಧಾನದ 25ನೇ ವಿಧಿ ಕೊಟ್ಟಿರುವ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಬಳಸುತ್ತಿದ್ದಾರೆ, ಅಷ್ಟೇ.

ಪತ್ರದಲ್ಲಿ ಮಸೂದೆಯನ್ನೇ ಕಸದ ಬುಟ್ಟಿಗೆ ಹಾಕಿ ಎಂದು ಬರೆದಿಲ್ಲ. 8ನೇ ಕಲಂ ಕೈಬಿಡುವಂತೆ ತಿದ್ದುಪಡಿ ಮಂಡಿಸಿ ಎಂದಷ್ಟೇ ಕೇಳಿದ್ದೇನೆ. ಒಂದೇ ಪುಟ, ಒಂದೇ ಬೇಡಿಕೆ. ‘ನಿನ್ನ ಪತ್ರ ಓದೋರ್ಯಾರು?’ ಎಂದು ರೂಮ್‌ಮೇಟ್ ನಕ್ಕ. ಬಿ.ಇ. ಮುಗಿಸಿ ಮೂರು ವರ್ಷವಾಗುವ ತನಕ ಪದವೀಧರ ಕ್ಷೇತ್ರದಲ್ಲಿ ನನಗೆ ಓಟೂ ಇಲ್ಲ. ಆದರೆ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ಅಣ್ಣಂದಿರು, ಅಕ್ಕಂದಿರು ಇದನ್ನು ಓದುತ್ತಿರಬಹುದು. ಮೈಸೂರು, ಚಾಮರಾಜನಗರ, ಮಂಡ್ಯ, ಹಾಸನ ಸೇರಿದ ನಮ್ಮ ದಕ್ಷಿಣ ಪದವೀಧರ ಕ್ಷೇತ್ರಕ್ಕೆ 2022ರಲ್ಲೇ ಚುನಾವಣೆ ಇತ್ತು. ನಿಮ್ಮ ಹೆಸರು ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ. ಮಸೂದೆ ಓದಿ. ನನ್ನ ಮಾತು ಒಪ್ಪದಿದ್ದರೆ ಅದನ್ನೇ ಬರೆದು ಕಳಿಸಿ. ಓದದೆ ಜಗಳವಾಡುವುದಕ್ಕಿಂತ ಅದು ಮೇಲು.