ಮಳೆಯ ಲೆಕ್ಕ, ಹೊಳೆಯ ಲೆಕ್ಕ

ಹನಿಗೂಡಿದರೆ ಹಳ್ಳ ಎಂಬುದು ಹಿರಿಯರ ಮಾತು. ಆದರೆ ಬಿದ್ದ ಹನಿಗಳೆಲ್ಲವೂ ಹಳ್ಳವನ್ನು ಸೇರುವುದಿಲ್ಲ. ಕೆಲವನ್ನು ನೆಲ ಹೀರುತ್ತದೆ. ಕೆಲವನ್ನು ಗಿಡಮರಗಳು ಹಿಡಿದಿಡುತ್ತವೆ. ಕೆಲವು ಆವಿಯಾಗಿ ಆಗಸಕ್ಕೆ ಮರಳುತ್ತವೆ. ಉಳಿದುದು ಮಾತ್ರ ಹೊಳೆಯ ಪಾಲು. ಸುರಿದ ಮಳೆಯಲ್ಲಿ ಎಷ್ಟು ಭಾಗ, ಎಷ್ಟು ಹೊತ್ತಿಗೆ ನದಿಯನ್ನು ಸೇರೀತೆಂಬುದನ್ನು ಮುಂದಾಗಿ ತಿಳಿಯಲು ವಿಜ್ಞಾನಿಗಳು ಗಣಿತದ ಮಾದರಿಗಳನ್ನು ರಚಿಸಿದ್ದಾರೆ.

ಕೃಷ್ಣಾ ನದಿಯನ್ನೇ ನೋಡೋಣ. ಮಹಾಬಲೇಶ್ವರದ ಬಳಿ ಹುಟ್ಟುವ ಈ ನದಿಯ ಜಲಾನಯನ ಪ್ರದೇಶದ ವಿಸ್ತಾರ ಸುಮಾರು 2,59,000 ಚದರ ಕಿಲೋಮೀಟರು. ಇಷ್ಟು ನೆಲದಿಂದ ಒಂದೇ ಒಂದು ಮಿಲಿಮೀಟರಿನಷ್ಟು ನೀರು ಹರಿದು ಬಂದರೂ ಅದು ಸುಮಾರು 9 ಟಿ.ಎಂ.ಸಿ., ಎಂದರೆ 900 ಕೋಟಿ ಘನ ಅಡಿಯಾಗುತ್ತದೆ. ಅಂದಮೇಲೆ ಎಣಿಕೆಯ ಕಿರಿಯ ತಪ್ಪೂ ಹಿರಿಯ ಅನಾಹುತಕ್ಕೆ ಎಡೆಮಾಡಬಲ್ಲದು.

ಈ ವಿಶಾಲ ಪ್ರದೇಶವನ್ನು ಒಂದೇ ಅಳತೆಗೋಲಿನಿಂದ ಅಳೆಯಲಾಗದು. ಘಟ್ಟದ ನೆತ್ತಿಯಲ್ಲಿ ಧಾರಾಕಾರ ಮಳೆ. ವಿಜಯಪುರದ ಬಯಲಿನಲ್ಲಿ ವಿರಳ ಮಳೆ. ಬೇಸಗೆಯಲ್ಲಿ ಬಿರುಕುಬಿಟ್ಟ ಎರೆಭೂಮಿ ಮೊದಲ ಮಳೆಯನ್ನು ನುಂಗುತ್ತದೆ. ನೆನೆದು ಉಬ್ಬಿದ ಮೇಲೆ ಅದೇ ಭೂಮಿ ನೀರನ್ನು ಒಳಗೊಳ್ಳದೆ ಹರಿಯಬಿಡುತ್ತದೆ. ಆದುದರಿಂದ ಪ್ರದೇಶವನ್ನು ಅನೇಕ ಸಣ್ಣ ಭಾಗಗಳಾಗಿ ವಿಂಗಡಿಸಿ, ಒಂದೊಂದರ ಮಳೆ, ಮಣ್ಣು, ಇಳಿಜಾರು, ಬೆಳೆಗಳನ್ನು ಗಣನೆಗೆ ತಂದು ಹರಿವನ್ನು ಎಣಿಸುತ್ತಾರೆ. ಅಣೆಕಟ್ಟುಗಳು ತಡೆಯುವ ಮತ್ತು ಬಿಡುವ ನೀರನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಬಂದ ಉತ್ತರವನ್ನು ನದಿಯಲ್ಲಿ ಅಳೆದ ಹರಿವಿನೊಡನೆ ಹೋಲಿಸಿ ತಿದ್ದುತ್ತಾರೆ.

2019ರ ಆಗಸ್ಟಿನಲ್ಲಿ ಘಟ್ಟಸೀಮೆಯ ಮಳೆ ಸಾಂಗ್ಲಿ, ಬೆಳಗಾವಿ ಜಿಲ್ಲೆಗಳ ಊರುಗಳನ್ನು ಮುಳುಗಿಸಿತು. ಆದರೆ 2009ರಲ್ಲಿ, ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ, ಬರಕ್ಕೆ ಹೆಸರಾದ ಬಯಲುಸೀಮೆಯ ಮೇಲೆಯೇ ಮಹಾಮಳೆ ಸುರಿದು ಉತ್ತರ ಕರ್ನಾಟಕ ತತ್ತರಿಸಿತು. ಕರ್ನೂಲು ನಗರ ಜಲಾವೃತವಾಯಿತು. ಆಪತ್ತು ಯಾವ ದಿಕ್ಕಿನಿಂದ ಬಂದೀತೆಂದು ಅರಿಯಲು ನದಿಯನ್ನು ಇಡಿಯಾಗಿ ಕಾಣಬೇಕೆಂಬುದಕ್ಕೆ ಇವೆರಡೇ ಸಾಕ್ಷಿ ಸಾಲದೆ?

ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣ, ಆಂಧ್ರಪ್ರದೇಶಗಳು ಕೃಷ್ಣೆಯ ನಾಲ್ಕು ಮಕ್ಕಳು. ನೀರಿನ ಹಂಚಿಕೆಯಲ್ಲಿ ಅವುಗಳೊಳಗೆ ಭಿನ್ನಾಭಿಪ್ರಾಯವಿರಬಹುದು. ಮಳೆ ಮತ್ತು ಹರಿವಿನ ಅಂಕಿ ಅಂಶಗಳ ಹಂಚಿಕೆಯಲ್ಲಿ ಅದು ಸಲ್ಲದು. ಮೇಲಿನವರು ಅಳೆದುದು ಆ ಕ್ಷಣವೇ ಕೆಳಗಿನವರಿಗೆ ತಿಳಿದರೆ, ದಡದ ಜನ ಹಟ್ಟಿಯ ದನಗಳನ್ನು ಬಿಚ್ಚಿ, ಕಾಳುಕಡ್ಡಿ ಕಟ್ಟಿಕೊಂಡು ಎತ್ತರದ ನೆಲೆ ಸೇರಲು ಅವಕಾಶ ದೊರೆಯುತ್ತದೆ.

ಮಾದರಿ ಎಷ್ಟೇ ಸೂಕ್ಷ್ಮವಾಗಿರಲಿ, ಮೂಲದ ಅಳತೆ ತಪ್ಪಿದರೆ ಉತ್ತರವೂ ತಪ್ಪುತ್ತದೆ. ಪ್ರತಿದಿನ ಬೆಳಿಗ್ಗೆ 8.30ಕ್ಕೆ ಮಳೆಮಾಪಕವನ್ನು ನೋಡಿ, ಕಂಡುದನ್ನು ಕಂಡಂತೆ ಬರೆದಿಡುವ ಪ್ರಾಮಾಣಿಕತೆಯೇ ಈ ಶಾಸ್ತ್ರದ ಅಡಿಗಲ್ಲು.